ಛಾವಣಿ ಕಿಟಕಿಯ ಸಂದು: ಎರಡು ಬಾರಿ ಸೋತ ದುರಸ್ತಿಯ ಪ್ರಕರಣ

ಹಿನ್ನೆಲೆ

ಈ ಮನೆಯವರು ತಮ್ಮ ಹೆಸರು ಎಲ್ಲೂ ಬರುವುದು ಬೇಡ, ಆದರೆ ತಾವು ಪಟ್ಟ ಪಾಡು ನಾಲ್ಕು ಜನರಿಗೆ ತಿಳಿಯಲಿ ಎಂದರು. ಹಾಗಾಗಿ ಹೆಸರು, ಜಾಗ, ಕಿಟಕಿ ತಯಾರಿಸಿದ ಕಂಪನಿ ಯಾವುದನ್ನೂ ಇಲ್ಲಿ ಬರೆದಿಲ್ಲ. ಮನೆಯ ಚಹರೆಯಲ್ಲಿ ಒಂದೆರಡು ವಿವರ ಬದಲಿಸಿದ್ದೇನೆ, ಕೆಲಸದ ವಿವರಗಳಲ್ಲಿ ಏನನ್ನೂ ಬದಲಿಸಿಲ್ಲ.

ಎರಡು ಅಂತಸ್ತಿನ ಮನೆ, ಮೇಲೆ ಸುಮಾರು 45 ಡಿಗ್ರಿ ಇಳಿಜಾರಿನ ಹೆಂಚಿನ ಛಾವಣಿ. ಛಾವಣಿಯ ಕೆಳಗಿನ ಅಟ್ಟವನ್ನೇ ಕೋಣೆ ಮಾಡಿ ಮಗಳಿಗೆ ಕೊಟ್ಟಿದ್ದರು. ಆ ಕೋಣೆಗೆ ಬೆಳಕು ಬರುವುದು ಛಾವಣಿಯ ಇಳಿಜಾರಿನಲ್ಲೇ ಕೂರಿಸಿದ ಒಂದು ಕಿಟಕಿಯಿಂದ. ಮರದ ಚೌಕಟ್ಟು, ಎರಡು ಪದರದ ಗಾಜು, ಕೂರಿಸಿ ಹೆಚ್ಚುಕಡಿಮೆ ಇಪ್ಪತ್ತು ವರ್ಷ. ಕದದ ಕೀಲುಗಳು ನಡುವಿನಲ್ಲಿ, ಎಡಕ್ಕೊಂದು ಬಲಕ್ಕೊಂದು. ಕೆಳಗಿನ ಹಿಡಿಯನ್ನು ಹೊರಕ್ಕೆ ತಳ್ಳಿದರೆ ಕದದ ಕೆಳಭಾಗ ಆಚೆಗೆ ಹೋಗುತ್ತದೆ, ಮೇಲ್ಭಾಗ ಕೋಣೆಯ ಒಳಕ್ಕೆ ಬರುತ್ತದೆ. ಹಿಡಿಗೆ ಎರಡು ಹಂತ: ಚಿಲಕದ ನಾಲಿಗೆ ಮೊದಲ ಕಚ್ಚಿನಲ್ಲಿ ಕುಳಿತರೆ ಗಾಳಿಯಾಡಲು ಸಣ್ಣ ಸಂದು ಉಳಿಯುತ್ತದೆ, ಎರಡನೆಯದರಲ್ಲಿ ಕುಳಿತರೆ ಕದ ಬಿಗಿಯಾಗುತ್ತದೆ. ಕೀಲು ನಡುವಿನಲ್ಲಿದೆ, ಚಿಲಕಕ್ಕೆ ಎರಡು ಕಚ್ಚು ಇವೆ ಎಂಬ ಈ ಎರಡು ಸಂಗತಿಗಳನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದೆ ಆದ ಎಡವಟ್ಟಿನಲ್ಲಿ ಅರ್ಧಪಾಲು ಇವುಗಳಿಂದಲೇ ಹುಟ್ಟಿತು.

ತೊಂದರೆ

ಚಳಿಗಾಲ ಬಂತೆಂದರೆ ಮಗಳು ಮಂಚದ ಮೇಲೆ ಕುಳಿತು ಓದಲಾಗದು. ಕಿಟಕಿಯ ಕೆಳಗೇ ಮಂಚ; ಕತ್ತಿನ ಹಿಂಭಾಗಕ್ಕೆ ತಣ್ಣನೆಯ ಗಾಳಿ ತಾಗುತ್ತದೆ ಎಂದು ದೂರುತ್ತಿದ್ದಳು. ತಾಯಿ ಅಂಗೈ ಒಡ್ಡಿ ನೋಡಿದರೆ ಕಿಟಕಿಯ ಕೆಳ ಅಂಚಿನಲ್ಲಿ ಥಂಡಿ ಇಳಿಯುತ್ತಿರುವುದು ತಿಳಿಯುತ್ತಿತ್ತು. ಅದರ ಜೊತೆಗೆ ಕಿಟಕಿಯ ಸುತ್ತ ಹೊಡೆದ ಒಳಹಲಗೆಯ ಬಲ ಮೇಲ್ಮೂಲೆಯಲ್ಲಿ ಕಂದು ಬಣ್ಣದ ಕಲೆಯೊಂದು ಪ್ರತಿ ಚಳಿಗಾಲಕ್ಕೂ ಅಂಗೈಯಗಲ ಹಿಗ್ಗುತ್ತಿತ್ತು.

ಮನೆಯವರು ಇವನ್ನು ಎರಡು ಬೇರೆ ತೊಂದರೆಗಳೆಂದು ಎಣಿಸಿದರು. ಗಾಳಿ ಬರುವುದು ಕೆಳಗಿನ ಸಂದಿನಿಂದ, ಕಲೆ ಆಗಿರುವುದು ಮಳೆ ನೀರು ಸೋರಿ. ಎರಡೂ ನೋಟಕ್ಕೆ ಸರಿಯಾಗಿಯೇ ಕಂಡವು. ಎರಡೂ ತಪ್ಪಾಗಿದ್ದವು.

ಮೊದಲ ಎರಡು ಪ್ರಯತ್ನಗಳು

ಮೊದಲನೆಯದು ಮನೆಯ ಯಜಮಾನರದೇ. 6 ಮಿಲಿಮೀಟರ್ ದಪ್ಪದ ಸ್ಪಂಜಿನ ಟೇಪ್ ತಂದು, ಚೌಕಟ್ಟಿನ ಕೆಳ ಅಂಚಿಗೆ ಉದ್ದಕ್ಕೂ ಅಂಟಿಸಿದರು. ಗಾಳಿ ತಾಗುವುದು ಕೆಳಗೆ, ಹಾಗಾಗಿ ಮುಚ್ಚಬೇಕಾದದ್ದೂ ಕೆಳಗೇ ಎಂಬ ಲೆಕ್ಕ. ಹಿಡಿ ಎಳೆಯುವುದು ಸ್ವಲ್ಪ ಬಿಗಿಯಾಯಿತು. ಚಿಲಕ ‘ಟಕ್’ ಎಂದು ಕೂತಿತು. ಎರಡು ದಿನ ನೆಮ್ಮದಿಯಾಗಿತ್ತು. ಮೂರನೆಯ ರಾತ್ರಿ ಗಾಳಿ ಬೀಸಿದಾಗ ಕೋಣೆ ಹಿಂದೆಂದಿಗಿಂತಲೂ ತಣ್ಣಗಾಯಿತು.

ಎರಡನೆಯ ಪ್ರಯತ್ನ ಒಬ್ಬ ದುರಸ್ತಿಗಾರರದು. ಅವರು ಕಲೆಯನ್ನು ನೋಡಿ, ಹೊರಗಿನ ತಗಡಿನ ಹೊದಿಕೆಯಲ್ಲಿ ಸೋರಿಕೆ ಇದೆ ಎಂದು ತೀರ್ಮಾನಿಸಿ, ತಗಡಿಗೂ ಚೌಕಟ್ಟಿಗೂ ನಡುವಿನ ಸಂದನ್ನೆಲ್ಲ ಸಿಲಿಕೋನ್‌ನಿಂದ ಮುಚ್ಚಿದರು. ಅವರ ಶ್ರಮದ ಬಗ್ಗೆ ನನಗೆ ಅನುಮಾನವಿಲ್ಲ. ಅಂಟು ಎಳೆದ ಗೆರೆ ನೀಟಾಗಿತ್ತು. ಆದರೆ ಛಾವಣಿ ಕಿಟಕಿಯ ತಗಡು ಕೆಲಸ ಮಾಡುವುದು ನೀರನ್ನು ತಡೆಹಿಡಿದಲ್ಲ, ಹರಿಯಬಿಟ್ಟು. ಮೇಲಿನಿಂದ ಬಂದ ನೀರು ಚೌಕಟ್ಟಿನ ಎರಡೂ ಬದಿಯ ಕಾಲುವೆಗಳಲ್ಲಿ ಇಳಿದು ಕೆಳಗಿನ ಹೆಂಚಿನ ಮೇಲೆ ಬೀಳಬೇಕು. ಆ ದಾರಿಗೆ ಅಂಟು ತುಂಬಿದ್ದರಿಂದ ಒಂದೇ ತಿಂಗಳಲ್ಲಿ ಎಡಗಡೆಯ ಕಾಲುವೆಯಲ್ಲಿ ಎಲೆ, ಕಸ ನಿಂತು ಕೊಳೆಯತೊಡಗಿತ್ತು. ಗಾಳಿ ನಿಲ್ಲಲಿಲ್ಲ, ಕಲೆ ಮಾಯವಾಗಲಿಲ್ಲ. ಇಲ್ಲದ ಸೋರಿಕೆಯೊಂದು ಹುಟ್ಟಿಕೊಳ್ಳುವ ಹಾದಿಯಲ್ಲಿತ್ತು.

ನನ್ನನ್ನು ಕರೆದದ್ದು ಆಮೇಲೆ.

ಮೊದಲ ಭೇಟಿ ಮತ್ತು ನನ್ನ ತಪ್ಪು

ನಾನು ಹೋದದ್ದು ಗಾಳಿಯೇ ಇಲ್ಲದ ಒಂದು ಮಧ್ಯಾಹ್ನ. ಹೊರಗೆ 2 ಡಿಗ್ರಿ, ಕೋಣೆಯಲ್ಲಿ 20 ಡಿಗ್ರಿ. ಊದುಬತ್ತಿ ಹಚ್ಚಿ ಕದದ ಸುತ್ತ ನಿಧಾನವಾಗಿ ಆಡಿಸಿದೆ. ಗಾಳಿ ಒಳಬರುವ ಕಡೆ ಹೊಗೆ ನನ್ನತ್ತ ಚದುರಬೇಕು. ಎಲ್ಲೂ ಚದುರಲಿಲ್ಲ. ಮೇಲಿನ ಅಂಚಿನಲ್ಲಿ ಹೊಗೆಯ ಎಳೆ ತುಸು ಮೇಲಕ್ಕೆ ಬಾಗಿ ಸಂದಿನ ಬಳಿ ತೆಳುವಾಗಿ ಕಾಣದಾಯಿತು. ಹೊಗೆ ಮೇಲೇರುವುದು ಸಹಜವಲ್ಲವೇ ಎಂದುಕೊಂಡು ಮುಂದೆ ಸರಿದೆ.

ಆಮೇಲೆ ಗಾಜಿನ ಒಳಮೈ ಅಳೆದೆ: ನಡುವೆ 13 ಡಿಗ್ರಿ, ಕೆಳ ಅಂಚಿನಲ್ಲಿ 10. ಹಳೆಯ ಎರಡು ಪದರದ ಗಾಜಿಗೆ ಇದು ಸಹಜ. ಇಂಥ ಗಾಜಿನ ಪಕ್ಕದ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ಇಳಿಜಾರಿನ ಮೇಲೆ ನೀರು ಇಳಿದಂತೆ ಗಾಜಿನ ಮೈಗುಂಟ ಜಾರಿ ಕೆಳ ಅಂಚಿನಲ್ಲಿ ಕೋಣೆಗೆ ಸುರಿಯುತ್ತದೆ. ಸಂದೇ ಇಲ್ಲದ ಕಿಟಕಿಯ ಕೆಳಗೂ ಹೀಗೆ ಥಂಡಿ ತಾಗಬಹುದು. ತಾಯಿಯ ಅಂಗೈಗೆ ಕೆಳ ಅಂಚಿನಲ್ಲಿ ಸಿಕ್ಕಿದ್ದು ಬಹುಮಟ್ಟಿಗೆ ಇದೇ. ಹಾಗಾಗಿ ‘ಇದು ಸಂದಿನ ತೊಂದರೆಯಲ್ಲ, ಗಾಜಿನ ತೊಂದರೆ, ಗಾಜು ಬದಲಿಸಬೇಕಾದೀತು’ ಎಂದು ಹೇಳಲು ಹೊರಟಿದ್ದೆ. ಹೇಳಿದ್ದರೆ ದೊಡ್ಡ ಖರ್ಚಿಗೆ ಅವರನ್ನು ತಳ್ಳಿದಂತಾಗುತ್ತಿತ್ತು, ತೊಂದರೆ ಅಲ್ಲೇ ಉಳಿಯುತ್ತಿತ್ತು.

ತಡೆದದ್ದು ಮಗಳ ಮಾತು. ಅಷ್ಟು ಹೊತ್ತು ಬಾಗಿಲ ಬಳಿ ನಿಂತಿದ್ದವಳು ತಾಯಿಗೆ ಹೇಳಿದಳು: “ಅಮ್ಮ, ನನ್ನ ವೇಳಾಪಟ್ಟಿಯ ಹಾಳೆ ಅಲುಗಾಡುವುದು ಗಾಳಿ ಬೀಸಿದಾಗ ಮಾತ್ರ. ಇವತ್ತು ಅಲುಗುತ್ತಲೇ ಇಲ್ಲ.” ಗೋಡೆಗೆ ಅಂಟಿಸಿದ ಆ ಹಾಳೆ ಇದ್ದದ್ದು ಕಿಟಕಿಯ ಬಲಬದಿಯಲ್ಲಿ, ಒಳಹಲಗೆ ಗೋಡೆಗೆ ಸೇರುವ ಮೂಲೆಯ ಪಕ್ಕ. ಹಾಳೆಯ ಕೆಳಗಿನ ಒಂದು ಮೂಲೆ ಬಿಡಿಸಿಕೊಂಡು ಸುರುಳಿಯಾಗಿತ್ತು.

ಆ ಕೋಣೆಯಲ್ಲಿ ರಾತ್ರಿ ಮಲಗುವವಳು ಅವಳು. ಮೂರು ಜನ ದೊಡ್ಡವರು ಕಿಟಕಿಗೆ ಕೈ ಹಾಕಿದ್ದೆವು. ಗಾಳಿ ಯಾವಾಗ ಬರುತ್ತದೆ, ಎಲ್ಲಿ ಬರುತ್ತದೆ ಎಂದು ಒಬ್ಬರೂ ಅವಳನ್ನು ಕೇಳಿರಲಿಲ್ಲ.

ಹೊಗೆ ಹೇಳಿದ್ದೇನು

ಮನೆಗೆ ಹಿಂದಿರುಗುವಾಗ ಆ ತೆಳುವಾದ ಹೊಗೆಯ ಎಳೆ ಮತ್ತೆ ನೆನಪಾಯಿತು. ಅದು ಮೇಲೇರಿ ಮಾಯವಾಗಿರಲಿಲ್ಲ, ಸಂದಿನೊಳಕ್ಕೆ ಎಳೆಯಲ್ಪಟ್ಟಿತ್ತು.

ಚಳಿಯಲ್ಲಿ ಬೆಚ್ಚಗಿನ ಮನೆ ಒಂದು ಹೊಗೆಗೊಳವೆಯಂತೆ ವರ್ತಿಸುತ್ತದೆ. ಒಳಗಿನ ಹಗುರ ಗಾಳಿ ಮೇಲೇರಿ ಮೇಲಿನ ಸಂದುಗಳಿಂದ ಹೊರಹೋಗುತ್ತದೆ, ಅದರ ಜಾಗಕ್ಕೆ ಕೆಳಗಿನ ಬಾಗಿಲು, ಕಿಟಕಿಗಳ ಸಂದುಗಳಿಂದ ತಣ್ಣನೆಯ ಗಾಳಿ ಬರುತ್ತದೆ. ಈ ಒತ್ತಡದ ವ್ಯತ್ಯಾಸ ಒಂದು ಮೀಟರ್ ಎತ್ತರಕ್ಕೆ, ಒಂದು ಡಿಗ್ರಿ ಉಷ್ಣಾಂಶದ ಅಂತರಕ್ಕೆ ಸುಮಾರು 0.04 ಪಾಸ್ಕಲ್. 6 ಮೀಟರ್ ಎತ್ತರ, 18 ಡಿಗ್ರಿ ಅಂತರ ಎಂದರೆ ಒಟ್ಟು 4 ಪಾಸ್ಕಲ್‌ಗೆ ಸ್ವಲ್ಪ ಹೆಚ್ಚು. ಅದರಲ್ಲಿ ಅರ್ಧದಷ್ಟು ಮೇಲ್ತುದಿಯಲ್ಲಿ ಹೊರಕ್ಕೆ ದೂಡುತ್ತಿರುತ್ತದೆ. ಅಂದರೆ ಗಾಳಿಯಿಲ್ಲದ ದಿನ ಅಟ್ಟದ ಕಿಟಕಿಯ ಸಂದಿನಿಂದ ಥಂಡಿ ಒಳಗೆ ಬರುವುದೇ ಇಲ್ಲ, ಮನೆಯ ಬೆಚ್ಚನೆ ಸದ್ದಿಲ್ಲದೆ ಹೊರಗೆ ಹೋಗುತ್ತಿರುತ್ತದೆ. ಗಾಳಿ ಎದ್ದಾಗ ಲೆಕ್ಕ ತಿರುಗುತ್ತದೆ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ನೇರವಾಗಿ ತಡೆದಲ್ಲಿ ಸುಮಾರು 60 ಪಾಸ್ಕಲ್ ಒತ್ತಡ ಹುಟ್ಟುತ್ತದೆ. ಕಡಿದಾದ ಛಾವಣಿಯ ಮೇಲೆ ಅದರ ಒಂದು ಪಾಲು ಬಿದ್ದರೂ ಮನೆಯೊಳಗಿನ ಆ ಎರಡು ಪಾಸ್ಕಲ್ ಯಾವ ಲೆಕ್ಕಕ್ಕೂ ಇಲ್ಲ. ಅದೇ ಸಂದಿನಲ್ಲಿ ಗಾಳಿ ಒಳಕ್ಕೆ ನುಗ್ಗುತ್ತದೆ.

ಕಲೆಯ ಗುಟ್ಟೂ ಇಲ್ಲೇ ಇತ್ತು. ಉಸಿರು, ಅಡುಗೆ, ಸ್ನಾನ ಎಲ್ಲದರ ತೇವ ಹೊತ್ತ ಬೆಚ್ಚನೆಯ ಗಾಳಿ ದಿನಗಟ್ಟಲೆ ಒಳಹಲಗೆಯ ಹಿಂದಿನ ತಣ್ಣನೆಯ ಪೊಳ್ಳಿಗೆ ಹೋಗುತ್ತಿದ್ದರೆ ಅಲ್ಲಿ ಇಬ್ಬನಿಯಂತೆ ಹನಿಗಟ್ಟಲೇಬೇಕು. ಕಲೆ ಮಳೆಗಾಲದಲ್ಲಿ ಬೆಳೆಯುತ್ತಿತ್ತೋ ಚಳಿಗಾಲದಲ್ಲೋ ಎಂದು ಫೋನ್ ಮಾಡಿ ಕೇಳಿದೆ. ‘ಚಳಿಗಾಲದಲ್ಲಿ. ಎಷ್ಟು ಜೋರು ಮಳೆ ಬಂದರೂ ಒದ್ದೆಯಾದದ್ದು ನೋಡಿಲ್ಲ’ ಎಂದು ತಾಯಿ ಹೇಳಿದರು. ಗಾಳಿಯೂ ಕಲೆಯೂ ಒಂದೇ ಸಂದಿನ ಎರಡು ಮುಖಗಳು ಎಂಬ ಗುಮಾನಿ ಅಲ್ಲಿಗೆ ಗಟ್ಟಿಯಾಯಿತು.

ಎರಡನೆಯ ಭೇಟಿ: ಬಿರುಗಾಳಿಗೆ ಕಾಯದೆ ಪರೀಕ್ಷೆ

ಗಾಳಿಯ ರಾತ್ರಿಗಾಗಿ ಕಾಯುತ್ತ ಕೂರುವಂತಿರಲಿಲ್ಲ. ಮನೆಯ ಎಲ್ಲ ಕಿಟಕಿ, ಹೊರಬಾಗಿಲುಗಳನ್ನು ಮುಚ್ಚಿಸಿ, ಅಡುಗೆಮನೆಯ ಮತ್ತು ಸ್ನಾನದ ಮನೆಯ ಎಕ್ಸಾಸ್ಟ್ ಫ್ಯಾನ್‌ಗಳನ್ನು ಒಟ್ಟಿಗೆ ಓಡಿಸಿದೆವು. ಫ್ಯಾನ್‌ಗಳು ಹೊರಹಾಕಿದಷ್ಟು ಗಾಳಿ ಸಂದುಗಳಿಂದ ಒಳಬರಲೇಬೇಕು. ಇದನ್ನು ಮಾಡುವವರು ಒಂದನ್ನು ಮರೆಯಬಾರದು: ಒಲೆ, ಗ್ಯಾಸ್ ಗೀಸರ್, ಅಗ್ಗಿಷ್ಟಿಕೆ ಎಲ್ಲ ಆರಿರಬೇಕು. ಇಲ್ಲದಿದ್ದರೆ ಹೊರಹೋಗಬೇಕಾದ ವಿಷಗಾಳಿಯನ್ನು ಮನೆಯೊಳಕ್ಕೆ ಎಳೆದುಕೊಂಡಂತಾಗುತ್ತದೆ.

ಈ ಬಾರಿ ಊದುಬತ್ತಿಯ ಹೊಗೆ ಮೂರು ಕಡೆ ಸ್ಪಷ್ಟವಾಗಿ ನನ್ನತ್ತ ಚದುರಿತು. ಕದದ ಮೇಲಿನ ಅಂಚು. ಎರಡೂ ಕೀಲುಗಳ ಪಕ್ಕ. ಬಲಬದಿಯ ಒಳಹಲಗೆಯ ಮೇಲ್ಮೂಲೆ, ಅಂದರೆ ಕಲೆ ಇದ್ದಲ್ಲೇ. ಕೆಳ ಅಂಚಿನಲ್ಲಿ ಏನೂ ಇಲ್ಲ.

ಮೇಲಿನ ಅಂಚಿನ ಕಾರಣ ತಿಳಿಯಲು ಕಾಗದದ ಪರೀಕ್ಷೆ ಮಾಡಿದೆ. ಎರಡು ಬೆರಳಗಲದ ಕಾಗದದ ಪಟ್ಟಿಯನ್ನು ಪ್ರತಿ ಅಂಚಿನಲ್ಲೂ ಮೂರು ಕಡೆ ಕದಕ್ಕೂ ಚೌಕಟ್ಟಿಗೂ ನಡುವೆ ಇಟ್ಟು, ಕದ ಮುಚ್ಚಿ, ಪಟ್ಟಿಯನ್ನು ಎಳೆಯುವುದು. ಬಿಗಿಯಿದ್ದಲ್ಲಿ ಹರಿಯುತ್ತದೆ ಅಥವಾ ಜಗ್ಗಿ ಬರುತ್ತದೆ, ಸಂದಿದ್ದಲ್ಲಿ ಬೆಣ್ಣೆಯಿಂದ ಕೂದಲು ತೆಗೆದಂತೆ ಬಂದುಬಿಡುತ್ತದೆ. ಕೆಳಗೆ ಮೂರೂ ಕಡೆ ಬಿಗಿ. ಮೇಲೆ ಮೂರೂ ಕಡೆ ಸಲೀಸು. ಟಾರ್ಚ್ ಹಿಡಿದು ಚಿಲಕ ನೋಡಿದೆ: ನಾಲಿಗೆ ಕುಳಿತಿದ್ದದ್ದು ಮೊದಲ ಕಚ್ಚಿನಲ್ಲಿ. ಕೆಳಗೆ ಅಂಟಿಸಿದ 6 ಮಿಲಿಮೀಟರ್ ಟೇಪ್ ಕದವನ್ನು ಎರಡನೆಯ ಕಚ್ಚಿನವರೆಗೆ ಬರಗೊಡುತ್ತಿರಲಿಲ್ಲ. ಕೇಳಿಸಿದ ‘ಟಕ್’ ಮೊದಲ ಕಚ್ಚಿನದು. ಕೀಲು ನಡುವಿನಲ್ಲಿರುವುದರಿಂದ ಕೆಳಭಾಗ 3 ಮಿಲಿಮೀಟರ್ ಆಚೆಗೆ ನಿಂತರೆ ಮೇಲ್ಭಾಗ ಅಷ್ಟೇ ಈಚೆಗೆ ನಿಲ್ಲುತ್ತದೆ. ಕೆಳಗೆ ಮುಚ್ಚಿದ್ದೇವೆ ಎಂದುಕೊಂಡವರು ಮೇಲೆ ತೆರೆದಿಟ್ಟಿದ್ದರು.

ಸಂದು ಸಣ್ಣದೆಂದು ಯಾರೂ ಹಗುರವಾಗಿ ನೋಡಬಾರದು. ಒಂದು ಮೀಟರ್ ಉದ್ದದ 1 ಮಿಲಿಮೀಟರ್ ಸಂದು ಎಂದರೆ 10 ಚದರ ಸೆಂಟಿಮೀಟರ್. ಗೋಡೆಯಲ್ಲಿ ಮೂರು ಸೆಂಟಿಮೀಟರಿಗೂ ಮಿಕ್ಕಿದ ಚೌಕ ತೂತು ಕೊರೆದಂತೆ. 3 ಮಿಲಿಮೀಟರ್ ಆದರೆ ಅದರ ಮೂರರಷ್ಟು.

ಟೇಪ್ ಕಿತ್ತು, ಅಂಟಿನ ಕಲೆಯನ್ನು ಸ್ಪಿರಿಟ್‌ನಿಂದ ಒರೆಸಿ ಕದ ಮುಚ್ಚಿದಾಗ ಚಿಲಕದಿಂದ ಎರಡು ಸದ್ದು ಕೇಳಿದವು. ಮನೆಯ ಯಜಮಾನರ ಮುಖ ಸಣ್ಣದಾಯಿತು. “ನಾನೇ ಹಾಳು ಮಾಡಿದೆನೇ?” ಎಂದರು. ಹಾಳಾಗಿರಲಿಲ್ಲ, ಅವರ ಟೇಪ್ ಇಲ್ಲದಿದ್ದರೂ ಕೀಲಿನ ಪಕ್ಕದ ಸಂದು, ಹಲಗೆಯ ಹಿಂದಿನ ಸಂದು ಇದ್ದೇ ಇದ್ದವು. ತೊಂದರೆ ಶುರುವಾದದ್ದು ಅವುಗಳಿಂದ, ಟೇಪ್ ಅದನ್ನು ಹೆಚ್ಚಿಸಿತ್ತು ಅಷ್ಟೇ. ಹಾಗೆಂದು ಅವರಿಗೆ ಬಿಡಿಸಿ ಹೇಳಿದೆ.

ಕದವೋ, ಹಲಗೆಯೋ?

ಈಗ ಒಂದು ನಿರ್ಧಾರ ಮಾಡಬೇಕಿತ್ತು. ಮೂಲೆಯ ಹಲಗೆಯಿಂದ ಬರುತ್ತಿರುವ ಗಾಳಿ ಕದದ ಸಂದಿನಿಂದಲೇ ಬಂದು ಅಲ್ಲಿ ಸುತ್ತುತ್ತಿದೆಯೇ, ಇಲ್ಲವೇ ಅದಕ್ಕೆ ತನ್ನದೇ ದಾರಿ ಇದೆಯೇ? ಮೊದಲನೆಯದಾದರೆ ಕದದ ಸುತ್ತಲಿನ ರಬ್ಬರ್ ಪಟ್ಟಿ ಬದಲಿಸಿದರೆ ಸಾಕು. ಎರಡನೆಯದಾದರೆ ಹಲಗೆ ಬಿಚ್ಚಬೇಕು. ಬಣ್ಣ ಬಳಿದ ಹಲಗೆ ಬಿಚ್ಚಲು ಮನೆಯವರಿಗೆ ಮನಸ್ಸಿರಲಿಲ್ಲ, ನನಗೂ ಅನುಮಾನದ ಮೇಲೆ ಬಿಚ್ಚುವುದು ಸರಿಯೆನಿಸಲಿಲ್ಲ.

ಬಣ್ಣ ಬಳಿಯುವವರು ಬಳಸುವ ಕಾಗದದ ಟೇಪನ್ನು ಕದ ಮತ್ತು ಚೌಕಟ್ಟಿನ ನಡುವಿನ ಸಂದಿನ ಮೇಲೆ ಸುತ್ತಲೂ ಹಚ್ಚಿ ಬೆರಳಿನಿಂದ ತೀಡಿದೆ. ಕದದ ದಾರಿ ಅಲ್ಲಿಗೆ ಬಂದ್. ಫ್ಯಾನ್ ಮತ್ತೆ ಓಡಿಸಿದೆವು. ಕದದ ಸುತ್ತ ಹೊಗೆ ನೆಟ್ಟಗೆ ನಿಂತಿತು. ಬಲ ಮೇಲ್ಮೂಲೆಯಲ್ಲಿ ಹೊಗೆ ಚದುರುವುದು ನಿಲ್ಲಲಿಲ್ಲ, ಮೊದಲಿಗಿಂತ ಜೋರಾಯಿತು. ಒಂದು ದಾರಿ ಮುಚ್ಚಿದಾಗ ಇನ್ನೊಂದರಲ್ಲಿ ಹರಿವು ಹೆಚ್ಚುವುದು ಸಹಜ. ಹಲಗೆಯನ್ನು ಬಿಚ್ಚೋಣ ಎಂದು ಮನೆಯೊಡತಿಯೇ ಹೇಳಿದರು.

ಬಣ್ಣದ ಗೆರೆಯನ್ನು ಚಾಕುವಿನಿಂದ ಕುಯ್ದು, ಬಲಬದಿಯ ಮತ್ತು ಮೇಲ್ಬದಿಯ ಹಲಗೆಗಳನ್ನು ಮೆಲ್ಲನೆ ಎಬ್ಬಿದೆ. ಹಿಂದೆ ಕಂಡದ್ದನ್ನು ಮನೆಯವರೆಲ್ಲರನ್ನೂ ಕರೆದು ತೋರಿಸಿದೆ. ಚೌಕಟ್ಟಿಗೂ ಛಾವಣಿಯ ಮರಕ್ಕೂ ನಡುವೆ ಎರಡು ಬೆರಳಗಲದ ಜಾಗ. ಕೆಳಗಿನ ಅರ್ಧಕ್ಕೆ ಗ್ಲಾಸ್ ವೂಲ್, ಅಂದರೆ ಗಾಜಿನ ನಾರಿನ ಉಣ್ಣೆ ತುರುಕಿದ್ದರು, ಮೇಲಿನ ಅರ್ಧ ಖಾಲಿ. ತುರುಕಿದ ಉಣ್ಣೆ ಕೆಳಗಡೆ ಹೊಸದರಂತೆ ಹಳದಿಯಾಗಿತ್ತು. ಮೂಲೆಯ ಹತ್ತಿರ ಬರುತ್ತ ಬರುತ್ತ ಬೂದು ಬಣ್ಣಕ್ಕೆ ತಿರುಗಿ, ತುದಿಯಲ್ಲಿ ಕಾಡಿಗೆಯಂತೆ ಕಪ್ಪಾಗಿತ್ತು. ಅದು ಬೂಸ್ಟಲ್ಲ. ವರ್ಷಗಟ್ಟಲೆ ಅದರ ಮೂಲಕ ಹಾದ ಗಾಳಿ ತನ್ನ ಧೂಳನ್ನು ಆ ನಾರುಗಳಲ್ಲಿ ಬಿಟ್ಟು ಹೋಗಿತ್ತು. ಉಣ್ಣೆ ಶಾಖವನ್ನು ತಡೆಯುತ್ತದೆ, ಗಾಳಿಯನ್ನು ತಡೆಯುವುದಿಲ್ಲ; ಗಾಳಿಗೆ ಅದು ಬರೀ ಸೋಸುವ ಬಟ್ಟೆ. ಗಾಳಿಯನ್ನು ತಡೆಯಬೇಕಾದದ್ದು ಒಳಮೈಯ ಪ್ಲಾಸ್ಟಿಕ್ ಹಾಳೆ. ಅದನ್ನು ಕಿಟಕಿ ಕೂರಿಸುವಾಗ ಕತ್ತರಿಸಿದವರು ಮತ್ತೆ ಚೌಕಟ್ಟಿಗೆ ಸೇರಿಸಿರಲಿಲ್ಲ. ಅದರ ಅಂಚು ಒಂದು ಗೇಣು ದೂರದಲ್ಲಿ ಮಡಚಿಕೊಂಡು ತೂಗುತ್ತಿತ್ತು. ಕಲೆ ಬಿದ್ದ ಹಲಗೆಯ ಹಿಂಭಾಗ ಕೈಗೆ ಒದ್ದೆ ತಾಗಿತು. ಹೊರಗೆ ವಾರದಿಂದ ಮಳೆ ಇರಲಿಲ್ಲ.

ದುರಸ್ತಿ

ಖಾಲಿ ಜಾಗಕ್ಕೆ ಉಬ್ಬುವ ಫೋಮ್ ಹೊಡೆದುಬಿಡೋಣ, ಹತ್ತು ನಿಮಿಷದ ಕೆಲಸ ಎಂದು ಯಜಮಾನರು ಕೇಳಿದರು. ನಾನು ಬೇಡವೆಂದೆ. ಸಾಮಾನ್ಯ ಫೋಮ್ ಉಬ್ಬುವಾಗ ಮರದ ಚೌಕಟ್ಟನ್ನು ಒಳಕ್ಕೆ ಬಾಗಿಸಬಲ್ಲದು. ಒಂದೆರಡು ಮಿಲಿಮೀಟರ್ ಬಾಗಿದರೂ ಕದ ಕೂರುವುದಿಲ್ಲ. ಕಡಿಮೆ ಉಬ್ಬುವ ಬಗೆಯೂ ಸಿಗುತ್ತದೆ, ಕಿರಿದಾದ ಸಂದಿಗೆ ಅದು ಒಳ್ಳೆಯದೇ. ಆದರೆ ಮುಂದೆ ಎಂದಾದರೂ ಕಿಟಕಿ ತೆಗೆಯಬೇಕಾದರೆ ಸುತ್ತಲೂ ಕೊಯ್ಯಬೇಕಾಗುತ್ತದೆ, ಅಲ್ಲದೆ ಹೆಂಚಿನ ಕೆಳಗೆ ಗಾಳಿಯಾಡಲು ಬಿಟ್ಟ ಜಾಗಕ್ಕೆ ಫೋಮ್ ನುಗ್ಗಿದರೆ ಛಾವಣಿಯ ಮರವೇ ಕೊಳೆಯುವ ಅಪಾಯ. ಎರಡು ಬೆರಳಗಲದ, ಕೈಗೆ ಎಟಕುವ ಜಾಗಕ್ಕೆ ಅದು ಬೇಕಿರಲಿಲ್ಲ.

ಮೊದಲು ಹೊರಗಿನ ಸಿಲಿಕೋನ್ ಕೆರೆದು ತೆಗೆದು ಕಾಲುವೆಗಳನ್ನು ತೆರವು ಮಾಡಿದೆವು. ಕದವನ್ನು ಪೂರ್ತಿ ತಿರುಗಿಸಿದರೆ ಒಳಗೆ ನಿಂತೇ ಅರ್ಧ ಕೆಲಸ ಆಗುತ್ತದೆ; ಉಳಿದದ್ದಕ್ಕೆ ಛಾವಣಿ ಹತ್ತುವ ಅಭ್ಯಾಸವಿದ್ದವರನ್ನು ಕರೆದೆ, ಮನೆಯವರನ್ನು ಹತ್ತಗೊಡಲಿಲ್ಲ. ಒಳಗೆ, ಕಪ್ಪಾದ ಉಣ್ಣೆ ತೆಗೆದು, ಎರಡು ದಿನ ಆ ಪೊಳ್ಳನ್ನು ಒಣಗಲು ಬಿಟ್ಟೆವು. ಹೊಸ ಉಣ್ಣೆಯನ್ನು ಜಾಗದಗಲಕ್ಕೆ ಕತ್ತರಿಸಿ ಇಟ್ಟೆ, ಅದುಮಿ ತುರುಕಲಿಲ್ಲ. ಅದುಮಿದ ಉಣ್ಣೆಯಲ್ಲಿ ಶಾಖ ತಡೆಯುವ ಗಾಳಿಯ ಗುಳ್ಳೆಗಳು ಕಡಿಮೆಯಾಗುತ್ತವೆ. ನಂತರ ಹೊಸ ಪ್ಲಾಸ್ಟಿಕ್ ಹಾಳೆಯ ಪಟ್ಟಿಯನ್ನು ಒಂದು ಅಂಚಿನಲ್ಲಿ ಹಳೆಯ ಹಾಳೆಗೆ, ಇನ್ನೊಂದು ಅಂಚಿನಲ್ಲಿ ಚೌಕಟ್ಟಿನ ಮರಕ್ಕೆ ಅದಕ್ಕೆಂದೇ ಇರುವ ಟೇಪಿನಿಂದ ಸೇರಿಸಿದೆ. ಇಡೀ ದುರಸ್ತಿಯ ಜೀವ ಇರುವುದು ಈ ಜೋಡಣೆಯಲ್ಲಿ. ಮರದ ಮೇಲಿನ ಧೂಳು ಒರೆಸದೆ ಹಚ್ಚಿದ ಟೇಪ್ ಒಂದು ಚಳಿಗಾಲವೂ ನಿಲ್ಲುವುದಿಲ್ಲ. ಮೂಲೆಗಳಲ್ಲಿ ಹಾಳೆಯನ್ನು ಬಿಗಿದು ಎಳೆಯದೆ ಸಣ್ಣ ನೆರಿಗೆ ಬಿಟ್ಟೆ. ಮರ ಹಿಗ್ಗಿ ಕುಗ್ಗುವಾಗ ಹಾಳೆ ಕಿತ್ತು ಬರಬಾರದು.

ಹಲಗೆ ಮತ್ತೆ ಹೊಡೆಯುವ ಮೊದಲು ಫ್ಯಾನ್ ಪರೀಕ್ಷೆ ಮತ್ತೊಮ್ಮೆ. ಮೇಲ್ಮೂಲೆಯಲ್ಲಿ ಒಂದು ಕಡೆ ಹೊಗೆ ಇನ್ನೂ ನಡುಗಿತು. ಎರಡು ಟೇಪ್‌ಗಳು ಸೇರುವಲ್ಲಿ ಅಕ್ಕಿಕಾಳಿನಷ್ಟು ಬಿಟ್ಟುಹೋಗಿತ್ತು. ಹಲಗೆ ಹೊಡೆದ ಮೇಲೆ ನೋಡಿದ್ದರೆ ಅದು ಸಿಗುತ್ತಿರಲಿಲ್ಲ.

ಕದದ ಕೆಲಸ ಸುಲಭ. ಹಳೆಯ ರಬ್ಬರ್ ಪಟ್ಟಿಯನ್ನು ಉಗುರಿನಿಂದ ಒತ್ತಿದರೆ ಗುರುತು ಹಾಗೇ ಉಳಿಯುತ್ತಿತ್ತು. ರಬ್ಬರಿನ ಪುಟಿಯುವ ಗುಣ ಸತ್ತಿತ್ತು. ಕದವನ್ನು ತೆರೆದರೆ ಅದರ ಮೇಲಂಚಿನಲ್ಲಿ ಮಾದರಿ ಸಂಖ್ಯೆಯ ಸಣ್ಣ ತಗಡು ಕಾಣುತ್ತದೆ. ಅದನ್ನು ಹಿಡಿದು ಅದೇ ಅಡ್ಡಕೊಯ್ತದ ಹೊಸ ಪಟ್ಟಿ ತರಿಸಿದೆವು. ಸುಮಾರಾಗಿ ಹೋಲುವ ಪಟ್ಟಿ ತಂದರೆ ಮತ್ತೆ ಆ 6 ಮಿಲಿಮೀಟರ್ ಟೇಪಿನ ಕಥೆಯೇ. ಪಟ್ಟಿಯನ್ನು ಅದರ ತೋಡಿನಲ್ಲಿ ಕೂರಿಸುವಾಗ ಎಳೆಯಬಾರದು. ಎಳೆದು ಕೂರಿಸಿದ ರಬ್ಬರ್ ಕೆಲವೇ ದಿನಗಳಲ್ಲಿ ಕುಗ್ಗಿ ಮೂಲೆಗಳಲ್ಲಿ ಬಾಯಿ ಬಿಡುತ್ತದೆ. ಕೀಲಿನ ಪಕ್ಕ ಮಾತ್ರ ತಾಳ್ಮೆ ಬೇಕಾಯಿತು. ಕದ ಅಲ್ಲಿ ತಿರುಗುವುದರಿಂದ ಮೇಲರ್ಧದ ಪಟ್ಟಿಯೂ ಕೆಳಗರ್ಧದ ಪಟ್ಟಿಯೂ ಬೇರೆ ಬೇರೆ ಮೈಮೇಲೆ ಕೂರುತ್ತವೆ, ಎರಡೂ ಸೇರುವಲ್ಲಿ ಒಂದು ಕಡಿತ ಇದ್ದೇ ಇರುತ್ತದೆ. ಎರಡರ ತುದಿಗಳೂ ಒಂದನ್ನೊಂದು ತುಸು ದಾಟುವಂತೆ ಕತ್ತರಿಸಿ, ಕದವನ್ನು ಹತ್ತಾರು ಬಾರಿ ತಿರುಗಿಸಿ, ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ಕಾಗದದ ಪಟ್ಟಿ ಈಗ ಹನ್ನೆರಡು ಕಡೆಯಲ್ಲೂ ಜಗ್ಗಿ ಬಂತು.

ಏನಾಯಿತು

ಮುಂದಿನ ವಾರವೇ ಎರಡು ರಾತ್ರಿ ಗಾಳಿ ಬೀಸಿತು. ವೇಳಾಪಟ್ಟಿಯ ಹಾಳೆ ಅಲುಗಲಿಲ್ಲ ಎಂದು ಮಗಳೇ ಫೋನ್ ಮಾಡಿ ಹೇಳಿದಳು.

ಹತ್ತು ದಿನದ ನಂತರ ಮತ್ತೆ ಫೋನ್ ಬಂತು. ಬೆಳಿಗ್ಗೆ ಎದ್ದರೆ ಗಾಜಿನ ಕೆಳ ಅಂಚಿನಲ್ಲಿ ನೀರು, ಮೊದಲು ಹೀಗಿರಲಿಲ್ಲ. ಇದನ್ನು ನಾನು ಮೊದಲೇ ಹೇಳಿಡಬೇಕಿತ್ತು. ಅಷ್ಟು ವರ್ಷ ಆ ಸಂದುಗಳು ಕೋಣೆಯ ತೇವವನ್ನೂ ಹೊರಹಾಕುತ್ತಿದ್ದವು. ಸಂದು ಮುಚ್ಚಿದ ಮೇಲೆ ತೇವ ಒಳಗೇ ಉಳಿಯುತ್ತದೆ. 20 ಡಿಗ್ರಿಯ ಕೋಣೆಯಲ್ಲಿ ಆರ್ದ್ರತೆ ಶೇಕಡಾ 50 ಇದ್ದರೆ ಸುಮಾರು 9 ಡಿಗ್ರಿಯ ಮೈಮೇಲೆ ಹನಿ ಕಟ್ಟುತ್ತದೆ. ಶೇಕಡಾ 65 ಆದರೆ 13 ಡಿಗ್ರಿಗೇ. ಇವರ ಗಾಜಿನ ಅಂಚು 10 ಡಿಗ್ರಿ. ಬಾಗಿಲು ಮುಚ್ಚಿ ಒಬ್ಬರು ರಾತ್ರಿಯಿಡೀ ಮಲಗಿದರೆ ಸಾಕು, ಆ ಗಡಿ ದಾಟಿಬಿಡುತ್ತದೆ.

ಕದದ ಮೇಲ್ಭಾಗದಲ್ಲಿ ಗಾಳಿಯಾಡಲು ಒಂದು ಸಣ್ಣ ಪಟ್ಟಿ ಬಾಗಿಲಿತ್ತು. ಥಂಡಿಗೆ ಹೆದರಿ ಅದಕ್ಕೆ ಎಂದೋ ಬಟ್ಟೆ ತುರುಕಿದ್ದರು. ಬಟ್ಟೆ ತೆಗೆಸಿ, ಅದರ ಧೂಳು ಹಿಡಿದ ಜಾಲರಿ ತೊಳೆಸಿ, ರಾತ್ರಿ ತೆರೆದಿಡಲು ಹೇಳಿದೆ. “ಮತ್ತೆ ಗಾಳಿ ಬರುವುದಕ್ಕೇ ಹೇಳುತ್ತಿದ್ದೀರಲ್ಲ” ಎಂದು ಮನೆಯೊಡತಿ ಬೇಸರದಿಂದಲೇ ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದು. ನಮಗೆ ಬೇಕಾದಾಗ, ಬೇಕಾದ ಕಡೆಯಿಂದ, ಬೇಕಾದಷ್ಟೇ ಬರುವ ಗಾಳಿ ಬೇರೆ; ಹಲಗೆಯ ಹಿಂದೆ ಮರವನ್ನು ನೆನೆಸುತ್ತ ಹೋಗಿ ಬರುವ ಗಾಳಿ ಬೇರೆ. ಬೆಳಿಗ್ಗೆ ಐದು ನಿಮಿಷ ಕದವನ್ನು ಪೂರ್ತಿ ತೆರೆಯುವ ರೂಢಿಯನ್ನೂ ಅವರು ಮಾಡಿಕೊಂಡರು. ಹನಿ ತೀರಾ ಚಳಿಯ ದಿನಗಳಿಗೆ ಮಾತ್ರ ಸೀಮಿತವಾಯಿತು.

ಗಾಜಿನ ಮೈಯಿಂದ ಜಾರುವ ಥಂಡಿ ಹೋಗಿಲ್ಲ, ಹೋಗುವುದೂ ಇಲ್ಲ. ಅದಕ್ಕೆ ಮಂಚವನ್ನು ಎದುರು ಗೋಡೆಗೆ ಸರಿಸಿದರು. ಗಾಜು ಬದಲಿಸುವ ಮಾತನ್ನು ಸದ್ಯಕ್ಕೆ ಕೈಬಿಟ್ಟರು.

ಈ ಪ್ರಕರಣದಿಂದ ನಾನು ಬದಲಿಸಿಕೊಂಡದ್ದು

ಥಂಡಿ ತಾಗುವ ಜಾಗವನ್ನು ಗಾಳಿ ನುಗ್ಗುವ ಜಾಗವೆಂದು ಈಗ ನಂಬುವುದಿಲ್ಲ. ತಣ್ಣನೆಯ ಗಾಳಿ ಮೇಲೆ ಹೊಕ್ಕು ಕೆಳಗೆ ತಾಗುತ್ತದೆ, ಕೆಲವೊಮ್ಮೆ ಎಲ್ಲೂ ಹೊಗದೆಯೂ ತಾಗುತ್ತದೆ. ಹೊಗೆಯ ಪರೀಕ್ಷೆಯಲ್ಲಿ ನನ್ನತ್ತ ಬರುವ ಹೊಗೆಯಷ್ಟೇ ಗಮನವನ್ನು ಆಚೆ ಹೋಗುವ ಹೊಗೆಗೂ ಕೊಡುತ್ತೇನೆ, ಅಟ್ಟದ ಕೋಣೆಯಾದರೆ ಅದಕ್ಕೇ ಹೆಚ್ಚು. ಕಲೆಯ ಬಗ್ಗೆ ಕೇಳುವ ಮೊದಲ ಪ್ರಶ್ನೆ ಅದು ಯಾವ ಕಾಲದಲ್ಲಿ ಬೆಳೆಯುತ್ತದೆ ಎಂಬುದು. ಕೋಣೆಯಲ್ಲಿ ಮಲಗುವವರನ್ನು, ಅವರು ಮಗುವಾಗಿದ್ದರೂ, ಎಲ್ಲರಿಗಿಂತ ಮೊದಲು ಮಾತನಾಡಿಸುತ್ತೇನೆ. ಸಂದು ಮುಚ್ಚುವ ಕೆಲಸ ಒಪ್ಪಿಕೊಂಡ ದಿನವೇ ಗಾಳಿಯಾಡುವ ದಾರಿ ಯಾವುದು ಎಂಬ ಮಾತನ್ನೂ ಮುಗಿಸಿಬಿಡುತ್ತೇನೆ. ಇವರ ವಿಷಯದಲ್ಲಿ ಅದನ್ನು ಹತ್ತು ದಿನ ತಡವಾಗಿ ಹೇಳಿದೆ.

ಒಂದು ಚಳಿಗಾಲ ಕಳೆದ ಮೇಲೆ ಮತ್ತೆ ಆ ಮನೆಗೆ ಹೋಗಿದ್ದೆ. ಕಲೆಯ ಅಂಚಿಗೆ ದುರಸ್ತಿಯ ದಿನ ಸೀಸದ ಕಡ್ಡಿಯಿಂದ ಗೆರೆ ಎಳೆದು ಬಂದಿದ್ದೆ. ಕಲೆ ಆ ಗೆರೆಯನ್ನು ದಾಟಿರಲಿಲ್ಲ, ಹಲಗೆ ಒಣಗಿ ಗಟ್ಟಿಯಾಗಿತ್ತು. ಬಣ್ಣ ಬಳಿಯಬಹುದು ಎಂದೆ. ಇನ್ನೊಂದು ಚಳಿಗಾಲ ನೋಡಿಯೇ ಬಳಿಯುತ್ತೇವೆ ಎಂದು ಮನೆಯೊಡತಿ ಹೇಳಿದರು. ಗೆರೆ ಇನ್ನೂ ಅಲ್ಲೇ ಇದೆ.